ಹಾಯಿಬಟ್ಟೆ ಹಿಡಿದು ದೋಣಿ ಬೇಡವೆಂದೆ

ನಮ್ಮ ಮನೆಯಲ್ಲಿ ಯಾರು ಏನು ಕೊಳ್ಳುವುದಿದ್ದರೂ ನನ್ನನ್ನು ಕರೆದುಕೊಂಡು ಹೋಗುವುದು ವಾಡಿಕೆ. ಸೈಟಾಗಲಿ, ಸೀಮೆ ಹಸುವಾಗಲಿ, ಸೆಕೆಂಡ್‌ಹ್ಯಾಂಡ್ ಕಾರಾಗಲಿ, ನಾನು ಹೋಗಿ ಮುಟ್ಟಿ, ತಟ್ಟಿ, ಮೂಗು ಮುರಿದು ಬಂದರೇ ಎಲ್ಲರಿಗೂ ಸಮಾಧಾನ. ದೊಡ್ಡಬಳ್ಳಾಪುರದಲ್ಲಿ ನಲವತ್ತು ವರ್ಷ ಪವರ್‌ಲೂಮ್ ಮಗ್ಗ ನಡೆಸಿದವನು ನಾನು. ಕಣ್ಣು ಮುಚ್ಚಿಕೊಂಡು ಬಟ್ಟೆಯ ಅಂಚು ಹಿಡಿದರೂ ನೂಲು ಎಂಥದು, ನೇಯ್ಗೆಯಲ್ಲಿ ಎಲ್ಲಿ ಮೋಸ ಆಗಿದೆ ಎಂದು ಹೇಳಬಲ್ಲೆ. ಈ ಬೆರಳುಗಳ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ಆ ಜಂಬವೇ ನನ್ನ ತಂಗಿಯ ಒಂದು ದೊಡ್ಡ ಆಸೆಯನ್ನು ಮಣ್ಣುಪಾಲು ಮಾಡಿತು. ಒಪ್ಪಿಕೊಳ್ಳುವುದಕ್ಕೆ ಬಹಳ ದಿನ ಬೇಕಾಯಿತು.

ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಅಪ್ಪ ಬೇಗ ಹೋದದ್ದರಿಂದ ಅವಳನ್ನು ಧಾರೆ ಎರೆದು ಕೊಟ್ಟವನು ನಾನೇ. ಅವಳ ಗಂಡ ಸರಕು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವರು. ಆರು ತಿಂಗಳು ನೀರಿನ ಮೇಲೆ ಇದ್ದರೆ ಮೂರು ತಿಂಗಳು ಮನೆಯಲ್ಲಿ. ಅವರು ನನ್ನನ್ನು ಭಾವ ಅನ್ನುತ್ತಾರೆ, ನಾನೂ ಅವರನ್ನು ಭಾವ ಅನ್ನುತ್ತೇನೆ. ಅವರಿಲ್ಲದ ತಿಂಗಳುಗಳಲ್ಲಿ ತಂಗಿ ನಮ್ಮ ಬೀದಿಯಲ್ಲೇ ಮನೆ ಮಾಡಿಕೊಂಡು, ಸೀರೆಗಳಿಗೆ ಫಾಲ್ ಹೊಲಿದು ಕುಚ್ಚು ಕಟ್ಟುತ್ತಾ ಮಗಳನ್ನು ಬೆಳೆಸಿದಳು.

ಮಗಳ ಮದುವೆ ಮುಗಿದು ಭಾವ ನಿವೃತ್ತರಾದ ಮೇಲೆ, ಒಂದು ಭಾನುವಾರ ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ತಂಗಿ ನನ್ನ ಹೆಂಡತಿಯ ಜೊತೆ ಅವರೆಕಾಯಿ ಸುಲಿಯಲು ಕೂತಳು. ಭಾವ ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ಭಾವ, ಒಂದು ಹಾಯಿದೋಣಿ ತಗೊಳೋಣ ಅಂತಿದ್ದೀವಿ. ನಾವಿಬ್ರೇ. ಕೊಚ್ಚಿಯಿಂದ ಲಂಕಾ, ಅಲ್ಲಿಂದ ಅಂಡಮಾನು, ಆಮೇಲೆ ಮಲೇಷ್ಯಾ ಕಡೆ. ಒಂದೆರಡು ಮೂರು ವರ್ಷ ಅದ್ರಲ್ಲೇ ಇದ್ದು ಬರ್ತೀವಿ."

ನನಗೆ ಕಾಫಿ ನೆತ್ತಿಗೆ ಹತ್ತಿತು. "ತಲೆ ನೆಟ್ಟಗಿದೆಯಾ ಭಾವ? ಇಷ್ಟು ವರ್ಷ ಸಮುದ್ರ ನೋಡಿದ್ದು ಸಾಲ್ದಾ? ಈಗ ಅವಳನ್ನೂ ಮುಳುಗಿಸ್ಬೇಕಾ?"

ಭಾವ ತಂಗಿಯ ಕಡೆ ನೋಡಿದರು. ಅವಳು ತಲೆ ಎತ್ತದೆ, "ನೀನೂ ಒಂದ್ಸಲ ಬಂದು ನೋಡಣ್ಣ," ಅಂದಳು, ಅಷ್ಟೇ. ನಾನು ಅದಕ್ಕೆ ನನ್ನದೇ ಅರ್ಥ ಹಚ್ಚಿಕೊಂಡೆ. ಪಾಪ, ಗಂಡನ ಹುಚ್ಚಿಗೆ ಎದುರಾಡಲಾರಳು, ಅಣ್ಣ ಬಂದು ಬೇಡ ಅನ್ನಲಿ ಎಂದು ಕರೆಯುತ್ತಿದ್ದಾಳೆ. ಹಾಗೆಂದು ಅವಳು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಆಮೇಲೆ ನಾಲ್ಕೈದು ತಿಂಗಳು ಭಾವ ಸಂಜೆ ಬಂದು ನನಗೆ ಮೊಬೈಲಿನಲ್ಲಿ ದೋಣಿಗಳನ್ನು ತೋರಿಸಿದರು. ಹಾಯಿದೋಣಿ ಎಂದರೆ ಬಡಗಿ ಕೂತು ಒಂದೊಂದಾಗಿ ಮಾಡುವುದು ಎಂದುಕೊಂಡಿದ್ದೆ. ಈಗಿನವು ಕಾರ್ಖಾನೆಯ ದೋಣಿಗಳಂತೆ. ಒಂದೇ ಅಚ್ಚಿನಲ್ಲಿ ಫೈಬರ್ ಎರಕ ಹೊಯ್ದು ಸಾಲಾಗಿ ಹೊರಗೆ ಬಿಡುತ್ತಾರೆ. ಅದರಲ್ಲಿ ಒಂದು ಅನುಕೂಲ ಇದೆ: ಬಿಡಿಭಾಗ ಸಿಗುತ್ತವೆ, ಯಾವ ಮಾದರಿಗೆ ಯಾವ ಕಾಯಿಲೆ ಎಂದು ಮೊದಲೇ ಗೊತ್ತಿರುತ್ತದೆ. ಆದರೆ ಬಹಳಷ್ಟನ್ನು ವಾರದ ರಜೆಗೆ ಬಾಡಿಗೆ ಕೊಡಲೆಂದು ಮಾಡಿರುತ್ತಾರೆ. ಒಳಗೆ ಕಲ್ಯಾಣ ಮಂಟಪದಂತೆ ಅಗಲ. ಅಲೆ ಎದ್ದಾಗ ಕೈಗೆ ಸಿಗುವಂಥದ್ದು ಒಂದೂ ಇರುವುದಿಲ್ಲ. ದೂರ ಹೋಗುವವರಿಗೆ ಒಳಗೆ ಇಕ್ಕಟ್ಟೇ ಒಳ್ಳೆಯದು, ತಳದ ಭಾರ ಭದ್ರವಾಗಿ ಕೂತಿರಬೇಕು, ಚುಕ್ಕಾಣಿ ಗಟ್ಟಿಯಿರಬೇಕು, ನೀರಿನ ಟ್ಯಾಂಕು ದೊಡ್ಡದಿರಬೇಕು. ಇದನ್ನೆಲ್ಲ ಕೇಳುತ್ತಾ ಕೇಳುತ್ತಾ ನನಗೆ, ಸುಳ್ಳೇಕೆ, ಸ್ವಲ್ಪ ಹುರುಪೂ ಬಂತು. ಬೇಡವೆನ್ನುವುದಕ್ಕೂ ವಿಷಯ ಗೊತ್ತಿರಬೇಕಲ್ಲ.

ಕೊಚ್ಚಿಯಲ್ಲಿ ಒಂದು ದೋಣಿ ಮಾರಾಟಕ್ಕಿದೆ ಎಂದು ತಿಳಿದಾಗ ಮೂವರೂ ರೈಲು ಹತ್ತಿದೆವು. ಮೂವತ್ತೆಂಟು ಅಡಿಯದು, ಹಳೆಯದು. ಅದರಲ್ಲಿ ಹನ್ನೆರಡು ವರ್ಷ ತಿರುಗಾಡಿದ ವಯಸ್ಸಾದ ಗಂಡ ಹೆಂಡತಿ ಮಾರುತ್ತಿದ್ದರು. ದೋಣಿ ಪರೀಕ್ಷಿಸಲು ನಾವು ಗೊತ್ತುಮಾಡಿದ್ದ ಸರ್ವೇಯರ್, ಮಲಯಾಳಿ, ಸಣ್ಣ ಸುತ್ತಿಗೆ ಹಿಡಿದು ದೋಣಿಯ ಮೈಯೆಲ್ಲ ತಟ್ಟುತ್ತಾ ಹೋದ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆಯೇ. ಸದ್ದು ಎಲ್ಲ ಕಡೆ ಒಂದೇ ಸಮ ಬಂತು. ತಳದ ಬೋಲ್ಟುಗಳನ್ನು ನೋಡಿದ, ಇಂಜಿನ್ ಶುರು ಮಾಡಿಸಿದ, ಮೇಲೆ ಬಂದು ಕೈ ಒರೆಸಿಕೊಳ್ಳುತ್ತಾ ಹಿಂದಿಯಲ್ಲಿ ಹೇಳಿದ: ಮೈ ಗಟ್ಟಿ, ತಳ ಗಟ್ಟಿ, ಹಾಯಿ ಮಾತ್ರ ಸವೆದಿದೆ, ಎಲ್ಲರೂ ಅದನ್ನು ಬದಲಾಯಿಸಿಕೊಳ್ಳುತ್ತಾರೆ.

ಹಾಯಿ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅಲ್ಲಿಯವರೆಗೆ ನನಗೆ ಗೊತ್ತಿಲ್ಲದ ವಿಷಯಗಳ ನಡುವೆ ಮೂಗನಂತೆ ನಿಂತಿದ್ದೆ. ಹಾಯಿ ಎಂದರೆ ಬಟ್ಟೆ. ಬಟ್ಟೆ ಎಂದರೆ ನಾನು. ಬಿಚ್ಚಿಸಿದೆ. ಪಾಲಿಯೆಸ್ಟರ್ ನೂಲು, ನಮ್ಮೂರಲ್ಲಿ ದಿನವೂ ಮಗ್ಗಕ್ಕೆ ಏರುವಂಥದ್ದೇ, ಆದರೆ ಬಲು ಒತ್ತಾದ ನೇಯ್ಗೆ. ಹೊಸದರಲ್ಲಿ ಗಂಜಿ ಹಾಕಿದಂತೆ ಸೆಟೆದು ನಿಂತಿರಬೇಕಾದ್ದು ಈಗ ಹಳೇ ಪಂಚೆಯಂತೆ ಮೆತ್ತಗಾಗಿತ್ತು. ಅಡ್ಡಮೂಲೆಗೆ ಹಿಡಿದು ಎಳೆದೆ, ರಬ್ಬರಿನಂತೆ ಬಂತು. ಬಿಸಿಲಿಗೆ ಒಣಗಿದ ಹೊಲಿಗೆಯ ದಾರವನ್ನು ಉಗುರಿನಿಂದ ಮೀಟಿದೆ, ಪಟಪಟನೆ ಕಿತ್ತುಕೊಂಡು ಬಂತು.

"ನೋಡಿ ಭಾವ, ನೋಡಿ! ಇದನ್ನ ನಂಬ್ಕೊಂಡು ಸಮುದ್ರಕ್ಕೆ ಹೋಗ್ತೀರಾ? ಇದ್ರಲ್ಲಿ ನಾನು ಮಗ್ಗ ಒರೆಸೋಕೂ ಒಪ್ಪಲ್ಲ."

ಭಾವ ನಕ್ಕರು. "ಹಾಯಿ ಬೇರೆ ಹಾಕ್ಕೋಬೋದು ಭಾವ. ನಿಮ್ಮ ಮಾತು ಹೆಂಗಾಯ್ತು ಅಂದ್ರೆ, ಸೀರೆ ಹಳೇದು ಅಂತ ಹೆಣ್ಣನ್ನೇ ಬೇಡ ಅಂದಂಗಾಯ್ತು."

ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ನನಗೆ ಸಿಟ್ಟು ಬಂತು. ತಂಗಿಯನ್ನು ಹುಡುಕಿಕೊಂಡು ಕೆಳಗಿಳಿದೆ. ಅವಳು ಅಡುಗೆ ಮಾಡುವ ಕಿರಿದಾದ ಜಾಗದಲ್ಲಿ ನಿಂತಿದ್ದಳು. ಸೊಂಟವನ್ನು ಒಂದು ಕಟ್ಟೆಗೆ ಒತ್ತಿ, ಬೆನ್ನನ್ನು ಇನ್ನೊಂದಕ್ಕೆ ಕೊಟ್ಟು, ಎರಡೂ ಕೈ ಬಿಟ್ಟು, ಕಣ್ಣು ಮುಚ್ಚಿಕೊಂಡಿದ್ದಳು. ದಡಕ್ಕೆ ಕಟ್ಟಿದ ದೋಣಿಯಲ್ಲೇ ಇವಳಿಗೆ ತಲೆ ಸುತ್ತುತ್ತಿದೆ, ಇನ್ನು ನಡುನೀರಿನಲ್ಲಿ ಏನು ಗತಿ ಎಂದುಕೊಂಡೆ. "ಬಾ ಮೇಲೆ," ಎಂದು ಕೈ ಹಿಡಿದು ಕರೆತಂದೆ. ಅವಳು ಒಂದು ಗಳಿಗೆ ಹಿಂದಕ್ಕೆ ಎಳೆದಂತಾಯಿತು. ಆಮೇಲೆ ಬಂದಳು.

ಮಾರುವವರು ಚಹಾ ಬಿಸ್ಕತ್ತು ಕೊಟ್ಟು ನಮ್ಮ ಮುಖ ನೋಡಿದರು. ನಾನೇ ಮುಂದಾಗಿ, ಹೆಣ್ಣು ನೋಡಲು ಹೋದ ಕಡೆ ಹೇಳುವಂತೆ, ಊರಿಗೆ ಹೋಗಿ ತಿಳಿಸುತ್ತೇವೆ ಎಂದೆ. ನಮ್ಮ ಕಡೆ ಆ ಮಾತಿಗೆ ಏನರ್ಥ ಎಂದು ಎಲ್ಲರಿಗೂ ಗೊತ್ತು. ಭಾವನ ಮುಖ ಇಳಿಯಿತು.

ವಾಪಸ್ಸು ಬರುವಾಗ ರೈಲಿನಲ್ಲಿ ಸೇಲಂ ದಾಟುವವರೆಗೂ ನಾನು ಆ ಬಟ್ಟೆಯನ್ನೇ ಜಗ್ಗಿದೆ. ಬಟ್ಟೆ ನೋಡಿಕೊಳ್ಳದವರು ಬೇರೆ ಏನು ನೋಡಿಕೊಂಡಿರುತ್ತಾರೆ ಎಂದೆ. ಭಾವ ಕೊನೆಗೆ ತಂಗಿಯನ್ನು ಕೇಳಿದರು, "ನೀನೇನಂತೀಯ?" ಅವಳು ಕಿಟಕಿಯ ಕಡೆಯಿಂದ ತಿರುಗಿ ನನ್ನನ್ನು ನೋಡಿದಳು. "ಅಣ್ಣಂಗೆ ಮನಸ್ಸಿಲ್ಲ ಅಂದ್ಮೇಲೆ ಬಿಡಿ," ಅಂದಳು. ನಾನು ಗೆದ್ದೆ ಎಂದುಕೊಂಡೆ. ಎದುರು ಸೀಟಿನವರ ಹತ್ತಿರ ಚಟ್ನಿಪುಡಿ ಇಸಿದುಕೊಂಡು ಇಡ್ಲಿ ತಿಂದದ್ದು ಕೂಡ ನೆನಪಿದೆ.

ಆ ದೋಣಿ ತಿಂಗಳೊಳಗೆ ಬೇರೆಯವರ ಪಾಲಾಯಿತು. ಆಮೇಲೆ ಗೋವಾದಲ್ಲಿ ಇನ್ನೊಂದನ್ನು ನೋಡಿದೆವು. ಅದರ ಹಾಯಿ ಹೊಚ್ಚ ಹೊಸದು, ಬೆರಳಿಗೆ ಗರಿಗರಿ ಎನ್ನುತ್ತಿತ್ತು. ನಾನು ಅಲ್ಲೇ, ಇದಾದರೆ ಪರವಾಗಿಲ್ಲ ಎಂದುಬಿಟ್ಟೆ. ಎಲ್ಲದಕ್ಕೂ ಬೇಡವೆಂದರೆ ನನ್ನ ಬಣ್ಣ ಬಯಲಾಗುತ್ತದೆ ಎಂಬ ಯೋಚನೆಯೂ ಇತ್ತು. ಅಲ್ಲಿಯ ಸರ್ವೇಯರ್ ಮೇಲ್ಗಡೆಯನ್ನು ತಟ್ಟಿದಾಗ ಬದ್ ಬದ್ ಎಂದಿತು. ಒಳಗೆಲ್ಲ ನೀರು ಕುಡಿದು ಕೊಳೆತಿದೆ, ಮುಟ್ಟಬೇಡಿ ಎಂದ. ನಾನು ಏನೂ ಕೇಳಿಸದವನಂತೆ ದೂರ ಹೋಗಿ ನಿಂತೆ.

ಅಷ್ಟರಲ್ಲಿ ತಂಗಿಯ ಮಗಳು ಬಸುರಿಯಾದಳು. ತಂಗಿ ಬಾಣಂತನ ಮಾಡಿದಳು. ಮಗಳಿಗೂ ಅಳಿಯನಿಗೂ ದಿನವೂ ಕೆಲಸಕ್ಕೆ ಹೋಗಬೇಕು, ಹೊಸಕೋಟೆಯ ಅವರ ಫ್ಲಾಟಿನಲ್ಲಿ ಮಗುವನ್ನು ನೋಡಿಕೊಳ್ಳಲು ಜನ ಬೇಕು. ಮೊದಲ ಮಗು ನಡೆಯುವ ಹೊತ್ತಿಗೆ ಎರಡನೆಯದು. ನಡುವೆ ಭಾವನ ಎರಡೂ ಮೊಣಕಾಲಿಗೆ ಆಪರೇಷನ್ ಆಯಿತು. ಮಗಳ ಮದುವೆಗೂ ಬಾಣಂತನಕ್ಕೂ ನಡುವೆ ಇದ್ದ ಬಿಡುವೇ ತಂಗಿಯ ಪಾಲಿಗಿದ್ದ ಕಾಲ. ಅದನ್ನು ನಾನು ಹಾಯಿ ಜಗ್ಗುತ್ತಾ ಕಳೆದಿದ್ದೆ.

ದೊಡ್ಡಬಳ್ಳಾಪುರದ ಮನೆಯನ್ನು ಬಾಡಿಗೆಗೆ ಕೊಟ್ಟು ಹೊಸಕೋಟೆಗೇ ಹೋಗಿ ಇರುವುದೆಂದು ಅವರು ತೀರ್ಮಾನಿಸಿದಾಗ, ಸಾಮಾನು ಕಟ್ಟಲು ಭಾವನ ಜೊತೆ ನಾನೂ ನಿಂತೆ. ಹಿಂದಿನ ಕೋಣೆಯಲ್ಲಿ ಹಳೇ ಬೆಡ್‌ಶೀಟ್ ಹೊದಿಸಿ ಒಂದು ಹೊಲಿಗೆ ಯಂತ್ರ ಇಟ್ಟಿದ್ದರು. ಸರಿಸಿ ನೋಡಿದೆ. ಸೀರೆ ಹೊಲಿಯುವ ಮೆಷಿನ್ ಅಲ್ಲ. ಕಬ್ಬಿಣದ ಭಾರಿ ಮೈ, ಗೋಣಿ ಹೊಲಿಯುವಂಥ ಸೂಜಿ. ಪಕ್ಕದಲ್ಲಿ ಟಾರ್ಪಾಲಿನ ತುಂಡುಗಳು. ಒಂದೊಂದರಲ್ಲೂ ಸಾಲುಸಾಲು ಹೊಲಿಗೆ, ಮೊದಲಿನವು ಸೊಟ್ಟ, ಬರುಬರುತ್ತಾ ಗೆರೆ ಎಳೆದಂತೆ ನೇರ. ತುಂಡಿಗೆ ತುಂಡು ಸೇರಿಸಿದ ಜಾಗ ಹಿಡಿದು ಎಳೆದೆ, ಜಪ್ಪಯ್ಯ ಎಂದರೂ ಬಿಡಲಿಲ್ಲ.

"ಇದೇನು ಭಾವ?"

"ನಿಮ್ ತಂಗಿದು," ಅಂದರು ಭಾವ. "ದಾಬಸ್‌ಪೇಟೆ ಹೈವೇಲಿ ಲಾರಿ ಟಾರ್ಪಾಲು ಹೊಲಿಯೋ ಸಾಬರೊಬ್ರು ಇದ್ರು. ಮೂರು ತಿಂಗಳು ಬಸ್ಸಲ್ಲಿ ಹೋಗಿ ಅವರತ್ರ ಕಲಿತ್ಲು. ಹಾಯಿ ನಂದು, ಇಂಜಿನ್ ನಿಮ್ದು ಅಂತಿದ್ಲು. ಕೊಚ್ಚಿ ದೋಣಿ ಹಾಯಿ ಫೋಟೋದಲ್ಲೇ ನೋಡಿದ್ಲು. ಹೊಲಿಗೆ ಹೋಗಿದೆ, ಹೊಲ್ಕೊಂಡು ಲಂಕಾ ತನಕ ನಾನು ಎಳಕೊಂಡು ಹೋಗ್ತೀನಿ, ಆಮೇಲೆ ಹೊಸದು ಹಾಕ್ಸೋಣ ಅಂದಿದ್ಲು."

ನಾನು ಟಾರ್ಪಾಲಿನ ರಾಶಿಯ ಮೇಲೇ ಕೂತೆ. "ಅವಳು ಹೆದರಿದ್ಲು ಭಾವ. ಅಡುಗೆ ಜಾಗದಲ್ಲಿ ಕಣ್ಮುಚ್ಕೊಂಡು ನಿಂತಿದ್ದನ್ನ ನಾನೇ ನೋಡ್ದೆ."

"ಹೆದರೋದಾ? ದೋಣಿ ಹೊಯ್ದಾಡುವಾಗ ಕೈ ಬಿಟ್ಟು ನಿಂತು ಅಡುಗೆ ಮಾಡೋಕಾಗತ್ತಾ ಅಂತ ನೋಡ್ತಿದ್ಲು. ಅದನ್ನ ನಾನೇ ಹೇಳ್ಕೊಟ್ಟಿದ್ದೆ." ಭಾವ ಮೊಣಕಾಲು ನೀವಿಕೊಳ್ಳುತ್ತಾ ಕುರ್ಚಿಗೆ ಒರಗಿದರು. "ನಿಜ ಹೇಳ್ಲಾ ಭಾವ? ನಂಗೆ ಸಮುದ್ರ ಸಾಕಾಗಿತ್ತು. ಇಲ್ಲೇ ಮಧುರೆ ಹೋಬಳಿ ಕಡೆ ಅರ್ಧ ಎಕರೆ ತಗೊಂಡು ಸೊಪ್ಪು ಬೆಳ್ಕೊಂಡು ಇರೋಣ ಅಂತಿದ್ದೆ. ಇಷ್ಟು ವರ್ಷ ನಾನು ಕಾದಿದೀನಿ, ಇನ್ನು ನನ್ನನ್ನೂ ಕರ್ಕೊಂಡು ಹೋಗಿ ಅಂದಿದ್ದು ಅವಳು."

"ಮತ್ತೆ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ ನಂಗೆ?"

"ತಂದೆ ಥರ ಸಾಕಿದೋರು ನೀವು. ನೀವು ಹೂಂ ಅನ್ನದೆ ಅವಳು ಹೊರಡ್ತಿರ್ಲಿಲ್ಲ. ಅದಕ್ಕೇ ಅಲ್ವಾ ನಿಮ್ಮನ್ನ ಕರೆಸಿದ್ದು."

ಬೇಡ ಅನ್ನಿಸಲು ಕರೆಯುತ್ತಿದ್ದಾಳೆ ಎಂದು ನಾನು ಹೊರಟಿದ್ದೆ. ಅವಳು ಕರೆದದ್ದು ಹೂಂ ಅನ್ನಿಸಿಕೊಳ್ಳಲು. ಹದಿನೈದು ದಿನ ನನಗೆ ಊಟ ರುಚಿಸಲಿಲ್ಲ. ಹೆಂಡತಿ ಕೇಳಿದರೆ ರೇಗಿದೆ. ನನ್ನ ಮೇಲಿನ ಸಿಟ್ಟನ್ನು ಮನೆಯವರ ಮೇಲೆಲ್ಲ ಹಂಚಿದೆ.

ಆಮೇಲೆ ಇನ್ನೂ ಕಾಲ ಮಿಂಚಿಲ್ಲ ಎನ್ನಿಸಿತು. ಮೊಬೈಲಿನಲ್ಲಿ ನಾನೇ ದೋಣಿ ಹುಡುಕಿದೆ. ಕೊಚ್ಚಿಯ ಸರ್ವೇಯರ್‌ಗೆ ಫೋನ್ ಮಾಡಿ ಒಂದು ಒಳ್ಳೆಯದರ ಸುದ್ದಿ ತಿಳಿದುಕೊಂಡೆ. ಒಂದು ವರ್ಷದ ಮಟ್ಟಿಗೆ ತಂಗಿಯ ಮೊಮ್ಮಕ್ಕಳನ್ನು ನಾವು ನೋಡಿಕೊಳ್ಳೋಣ ಎಂದು ಹೆಂಡತಿಯನ್ನು ಒಪ್ಪಿಸಿದೆ. ಎಲ್ಲ ಸಿದ್ಧಮಾಡಿಕೊಂಡು ಒಂದು ಮಂಗಳವಾರ ಹೊಸಕೋಟೆಗೆ ಹೋದೆ. ತಂಗಿ ದೊಡ್ಡ ಮೊಮ್ಮಗಳಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು, ಚಿಕ್ಕದು ಸೊಂಟದ ಮೇಲಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. "ನಂದು ತಪ್ಪಾಯ್ತಮ್ಮ. ಭಾವನ ಕಾಲು ಈಗ ಪರವಾಗಿಲ್ಲ. ಇದು ಒಳ್ಳೆ ದೋಣಿ. ಹೊರಟ್ಬಿಡಿ."

ಅವಳು ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ಒಂದೊಂದು ಫೋಟೋವನ್ನೂ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಚುಕ್ಕಾಣಿಯದನ್ನು ಎರಡು ಸಲ ನೋಡಿದಳು.

"ಚೆನ್ನಾಗಿದೆ," ಎಂದು ವಾಪಸ್ಸು ಕೊಟ್ಟಳು. "ಅವತ್ತು ಬೇಡ ಅಂತಾನೂ ನೀನೇ ಅಂದೆ. ಇವತ್ತು ಹೋಗು ಅಂತಾನೂ ನೀನೇ ಅಂತೀಯಲ್ಲಣ್ಣ." ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಆಗ ಕೇಳಿದೆ. "ಹೋಗ್ಲಿ ಬಿಡು. ಈಗ ನಿಂಗೇನು ಬೇಕು, ಹೇಳಮ್ಮ."

ಅವಳು ನಿಜವಾಗಿಯೂ ಯೋಚಿಸಿದಳು. ದೊಡ್ಡವಳ ಬಾಯಿ ಒರೆಸಿದಳು, ಗೋಡೆಯ ಗಡಿಯಾರ ನೋಡಿದಳು.

"ಒಂದು ಗಂಟೆ ನಿದ್ದೆ ಮಾಡ್ಲಾ? ನೀನು ಇವರಿಬ್ರನ್ನ ನೋಡ್ಕೊಳ್ತೀಯಾ?"

ಚಿಕ್ಕದನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಮುದ್ರ ದಾಟಬೇಕೆಂದಿದ್ದ ನನ್ನ ತಂಗಿಯ ಆಸೆ ಈಗ ಇಷ್ಟಕ್ಕೆ ಬಂದು ನಿಂತಿತ್ತು, ಅದಕ್ಕೂ ಅವಳು ನನ್ನ ಅಪ್ಪಣೆ ಕೇಳಿದ್ದಳು. ಮಗು ಅಳಲು ಶುರು ಮಾಡಿತು. ಅವಳಿಗೆ ಎಚ್ಚರವಾಗಬಾರದೆಂದು ಎತ್ತಿಕೊಂಡು ಬಾಲ್ಕನಿಗೆ ಹೋದೆ.