ಹಳೇ ಕಂಪ್ಯೂಟರಿಗೆ ವೈಫೈ ತೂರಿಸಿದ ಭಾನುವಾರ

ನನಗೆ ಹಳೇ ಯಂತ್ರಗಳ ಮೇಲೆ ಯಾವತ್ತೂ ಸಿಟ್ಟಿಲ್ಲ. ಸಿಟ್ಟೆಲ್ಲ ಅವನ್ನು ನೋಡಿ ಮೂಗು ಮುರಿಯುವ ಮನುಷ್ಯರ ಮೇಲೆ. ತಿರುಪ್ಪೂರಿನ ಹತ್ತಿರದ ಕರುಮತ್ತಂಪಟ್ಟಿಯ ನಮ್ಮ ಮನೆಗೆ ಅಂಟಿದ ಶೆಡ್ಡಿನಲ್ಲಿ ಆರು ಪವರ್‌ಲೂಮುಗಳಿವೆ. ಅದರಲ್ಲಿ ಎರಡು ಅಪ್ಪನ ಕಾಲದವು, ಇವತ್ತಿಗೂ ಎರಡು ಪಾಳಿ ಓಡುತ್ತವೆ. ಹಾಗಿರುವಾಗ ನಮ್ಮ ಕಂಪ್ಯೂಟರನ್ನು ನೋಡಿ, "ಸಾರ್, ಇದನ್ನ ತೂಕಕ್ಕೆ ಹಾಕಿಬಿಡಿ" ಎಂದು ತಮಿಳಿನಲ್ಲಿ ಹಲ್ಲು ಕಿರಿದ ರೂಟರಿನವನಿಗೆ ನಾನು ಯಾವ ಮರ್ಯಾದೆ ಕೊಡಲಿ?

ಅವನು ಬಂದದ್ದು ಶುಕ್ರವಾರ. ನಡುಮನೆಯ ಗೋಡೆಗೆ ಎರಡು ಕೊಂಬಿನ ಬಿಳೀ ಪೆಟ್ಟಿಗೆ ಹೊಡೆದ, ನಮ್ಮ ಫೋನುಗಳಿಗೆ ನೆಟ್ ಬಂತು. ಕಂಪ್ಯೂಟರಿಗೆ ಮಾತ್ರ ಬರಲಿಲ್ಲ. ಹಿಂದುಗಡೆ ಕೈ ತೂರಿಸಿ ವಯರ್ ಸಿಕ್ಕಿಸಲು ನೋಡಿದ, ಅದು ಒಳಗೆ ಹೋಗಲಿಲ್ಲ. "ಪೋರ್ಟ್ ಹೋಗಿದೆ ಸಾರ್. ಅಂಗಡೀಲಿ ವೈಫೈ ಅಡಾಪ್ಟರ್ ಅಂತ ಬೆರಳಷ್ಟು ತುಂಡು ಸಿಗುತ್ತೆ, ತಂದು ಸಿಕ್ಕಿಸಿ" ಎಂದು ಹೇಳಿ ಗಾಡಿ ಹತ್ತಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನ ಬೆನ್ನಿಗೆ ಕೇಳಿಸುವ ಹಾಗೇ ಅಂದೆ.

ಆ ಕಂಪ್ಯೂಟರ್ ಮುಟ್ಟುವವಳು ನನ್ನ ಹೆಂಡತಿ. ಟವಲ್ಲು, ಮೇಜಿನ ಬಟ್ಟೆ, ಪರದೆ, ಇವುಗಳ ಅಂಚಿನ ಡಿಸೈನುಗಳನ್ನು ಅವಳೇ ಅದರಲ್ಲಿ ಚೌಕ ಚೌಕವಾಗಿ ಬಿಡಿಸುತ್ತಾಳೆ. ಆ ಹಳೇ ಡಿಸೈನ್ ಸಾಫ್ಟ್‌ವೇರ್ ಬೇರೆ ಯಾವ ಕಂಪ್ಯೂಟರಿನಲ್ಲೂ ಓಡುವುದಿಲ್ಲ. ಅವಳು ಪ್ರಿಂಟ್ ತೆಗೆದು ಕೊಡುತ್ತಿದ್ದಳು, ನಾನು ತಿರುಪ್ಪೂರಿಗೆ ಒಯ್ದು ಬಟ್ಟೆ ಕೊಳ್ಳುವ ಪಾರ್ಟಿಗಳಿಗೆ ತೋರಿಸುತ್ತಿದ್ದೆ. ಯಾರು ಬಿಡಿಸಿದ್ದು ಅಂದರೆ ನಾನೇ ಅನ್ನುತ್ತಿದ್ದೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಮನೆ ಒಂದು, ಒಲೆ ಒಂದು, ಡಿಸೈನಿಗೆ ಮಾತ್ರ ಬೇರೆ ಬೇರೆ ಹೆಸರು ಯಾಕೆ?

ಆದರೆ ಹೋದ ವಾರ ಒಂದು ಮದುವೆಯಲ್ಲಿ, ತಿರುಪ್ಪೂರಿನಿಂದ ಹೊರದೇಶಕ್ಕೆ ಬಟ್ಟೆ ಕಳಿಸುವ ಒಬ್ಬ ಹೆಂಗಸು ಇವಳ ಪಕ್ಕದಲ್ಲಿ ಊಟಕ್ಕೆ ಕೂತಿದ್ದಳು. ನನ್ನಿಂದ ಡಿಸೈನು ತೆಗೆದುಕೊಂಡ ಪಾರ್ಟಿಯೇ. ಇವಳೂ ಅಂಚು ಬಿಡಿಸುತ್ತಾಳೆ ಅಂತ ಮಾತಿನಲ್ಲಿ ಗೊತ್ತಾಗಿ, ಎಲೆ ಎತ್ತುವಷ್ಟರಲ್ಲಿ ಇಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡಿದ್ದರು. "ಭಾನುವಾರ ನಾಲ್ಕು ಗಂಟೆಗೆ ನಿಮ್ಮ ಕಂಪ್ಯೂಟರ್ ಪರದೇನ ನನಗೆ ನೆಟ್ಟಿನಲ್ಲಿ ತೋರಿಸಿ. ನನ್ನ ಕಣ್ಣೆದುರಿಗೇ ಬಣ್ಣ ಬದಲಾಯಿಸಿ. ಸರಿ ಕಂಡರೆ ಈ ವರ್ಷದ ಅಂಚೆಲ್ಲ ನಿಮ್ಮ ಕೈಯಿಂದಲೇ" ಎಂದಿದ್ದಳಂತೆ. ಫೋನಿನಲ್ಲಿ ಫೋಟೋ ತೆಗೆದರೆ ಬಣ್ಣ ಸುಳ್ಳು ಹೇಳುತ್ತದೆ, ಪರದೆಯೇ ಬೇಕು ಅಂತ ಹಟವಂತೆ. ರೂಟರ್ ಹಾಕಿಸಿದ್ದೇ ಅದಕ್ಕೆ.

"ನಂಗೇ ಅಂತ ಒಬ್ರು ಕೇಳಿರೋದು ಇದೇ ಮೊದ್ಲು" ಎಂದಳು ಹೆಂಡತಿ. "ಏನ್ರೀ, ನಾಲ್ಕಕ್ಕೆ ಮುಂಚೆ ಸರಿ ಮಾಡ್ಕೊಟ್ಬಿಡ್ರಿ. ಆಮೇಲೆ ನಾನು ಏನೂ ಕೇಳಲ್ಲ."

ಶನಿವಾರ ಸೋಮನೂರಿಗೆ ಹೋಗಿ ಆ ತುಂಡು ತಂದೆ. ಜೊತೆಗೆ ಕೊಟ್ಟ ಸಿಡಿ ಹಾಕಿ ಸಾಫ್ಟ್‌ವೇರ್ ತುಂಬಿಸಿದೆ. ಕಂಪ್ಯೂಟರಿನ ಮುಂದಿನ ತೂತುಗಳು ಬರೀ ಅಲಂಕಾರ, ಜೋಡಿಸಿದ ಮಹಾನುಭಾವ ಅವಕ್ಕೆ ವಯರೇ ಕೊಟ್ಟಿರಲಿಲ್ಲ. ಹಿಂದಿನ ನಾಲ್ಕನ್ನು ಕೈಯಲ್ಲೇ ತಡವಿ ಒಂದೊಂದಕ್ಕೂ ತುರುಕಿದೆ. ಅರ್ಧ ಹೋಗಿ ನಿಲ್ಲುತ್ತಿತ್ತು, ದೀಪ ಹತ್ತುತ್ತಿರಲಿಲ್ಲ. ವಾಪಸ್ ಹೋಗಿ ಅಂಗಡಿಯವನನ್ನು ನಾಲ್ಕು ಜನರ ಮುಂದೆ ಉಗಿದು ಬೇರೆ ತುಂಡು ತಂದೆ. ಅದೂ ಹತ್ತಲಿಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗಿ, ರೂಟರನ್ನು ಆರಿಸಿ ಹಚ್ಚಿ ಅಂದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಮೂರು ಸಲ ಆರಿಸಿ ಹಚ್ಚಿದೆ.

ಭಾನುವಾರ ಲೂಮುಗಳಿಗೆ ರಜೆ. ಆ ನಿಶ್ಶಬ್ದದಲ್ಲಿ ಹನ್ನೊಂದು ಗಂಟೆಗೆ ನನ್ನ ಹೆಂಡತಿಯ ತಮ್ಮ ಬಂದಿಳಿದ. ಗಣಪತಿ ಅನ್ನುವ ಪೇಟೆಯಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ವರ್ಕ್‌ಶಾಪು ಅವನದು. ಹಾಳೂರಿಗೆ ಉಳಿದವನೇ ಗೌಡ ಅನ್ನುವಂತೆ ನಮ್ಮ ನೆಂಟರಲ್ಲಿ ಅವನೇ ಇಂಜಿನಿಯರು. ಬಂದವನೇ ಕಂಪ್ಯೂಟರಿನ ತಲೆ ತಟ್ಟಿ, "ಬಾವ, ಇದಕ್ಕೆ ಕರೆಂಟ್ ಸಾಲ್ತಾ ಇಲ್ಲ" ಅಂದ. ಎಲ್ಲ ರೋಗಕ್ಕೂ ಅವನದು ಅದೊಂದೇ ಮದ್ದು. ಅವರಪ್ಪನಿಗೆ ಮಂಡಿ ನೋವು ಬಂದಾಗಲೂ ಹೆಚ್ಚುಕಮ್ಮಿ ಇದನ್ನೇ ಅಂದಿದ್ದ.

ಮೀಟರ್ ಇಟ್ಟು ನೋಡಿದ, ಸ್ವಿಚ್ ಬೋರ್ಡ್ ಬಿಚ್ಚಿದ. ರೂಟರಿನ ಕೊಂಬನ್ನು ಈಶಾನ್ಯಕ್ಕೆ ತಿರುಗಿಸಿದ. ಸಾಲದೆಂದು ರೂಟರನ್ನೇ ಗೋಡೆಯಿಂದ ಕಿತ್ತು ತಂದು ಕಂಪ್ಯೂಟರಿನ ತಲೆಯ ಮೇಲೆ ಕೂರಿಸಿದ. ಹೊತ್ತು ಮೂರಾಯಿತು.

"ಒಂದ್ಸಲ ಅದನ್ನ ಈಚೆಗೆ ಎಳ್ದು ಹಿಂದ್ಗಡೆ ಕಣ್ಣಲ್ಲಿ ನೋಡ್ರಿ" ಎಂದಳು ಹೆಂಡತಿ. ಬೆಳಗಿನಿಂದ ಅದು ಮೂರನೇ ಸಲ.

"ನೀನು ಕೊಂಜ ಸುಮ್ನಿರ್ತೀಯಾ? ಬಣ್ಣ ತುಂಬೋದಲ್ಲ ಇದು, ಟೆಕ್ನಿಕಲ್ಲು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರೆಂಟ್ ಆರಿಸಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಅನಾಮತ್ತಾಗಿ ಮುಂದಕ್ಕೆಳೆದು ತಿರುಗಿಸಿ, ಫೋನಿನ ಟಾರ್ಚ್ ಬಿಟ್ಟಳು.

ನಮ್ಮ ಮನೆಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಆಯುಧಪೂಜೆಯ ದಿನ ಎಲ್ಲರ ಮನೆಯಲ್ಲೂ ಯಂತ್ರದ ಹಣೆಗೆ ಗಂಧ ಕುಂಕುಮ ಇಡುತ್ತಾರೆ. ನಮ್ಮ ಅಪ್ಪ ಹಾಗಲ್ಲ. ಯಂತ್ರಕ್ಕೆ ಹಣೆ ಎಲ್ಲಿಂದ ಬಂತು, ಬಾಯಿಗೆ ಇಡಬೇಕು, ನೂಲು ಒಳಗೆ ಹೋಗುವ ಕಡೆ ಇಡಬೇಕು, ಆಗ ವರ್ಷವಿಡೀ ಅದಕ್ಕೆ ಊಟ ತಪ್ಪುವುದಿಲ್ಲ ಅನ್ನುತ್ತಿದ್ದ. ಅಪ್ಪ ಹೋದ ಮೇಲೆ ಹಿರಿಮಗ ನಾನು, ಗಂಧದ ಬಟ್ಟಲು ಬೇರೆ ಯಾರ ಕೈಗೂ ಕೊಟ್ಟವನಲ್ಲ. ಲೂಮು, ನೂಲಿನ ಕಂಡೆ ಸುತ್ತುವ ಮಿಷಿನ್ನು, ಗ್ರೈಂಡರು, ಎಲ್ಲಕ್ಕೂ ಬಾಯಿ ಹುಡುಕಿ ಇಟ್ಟಿದ್ದೇನೆ. ಕಂಪ್ಯೂಟರಿನ ಬಾಯಿ ಯಾವುದು? ವಯರ್ ಹೋಗುವ ಕಡೆ. ಖಾಲಿ ಬಿಟ್ಟ ತೂತುಗಳಿಗಂತೂ ಪಾಪ ಅನ್ನಿಸಿ, ವರ್ಷ ವರ್ಷ ಒಂದು ಬೊಟ್ಟು ಹೆಚ್ಚಾಗಿಯೇ ಒತ್ತಿದ್ದೆ.

ಟಾರ್ಚಿನ ಬೆಳಕಿನಲ್ಲಿ ಆ ನಾಲ್ಕು ತೂತು, ಪಕ್ಕದಲ್ಲಿ ವಯರಿನ ಒಂದು ತೂತು, ಗೋಡೆಗೆ ಗಾರೆ ಮೆತ್ತಿದ ಹಾಗೆ ಹಳದಿಯಾಗಿ ಕಲ್ಲಾಗಿದ್ದವು. ಮೇಲೆ ಹತ್ತಿಯ ದೂಳು ಬೇರೆ ಬೆಳೆದಿತ್ತು.

"ಬಾವ," ಎಂದ ಇಂಜಿನಿಯರು, ನಗು ತಡೆದು ಮುಖ ಕೆಂಪಾಗಿತ್ತು, "ಕರೆಂಟ್ ಸಾಲ್ತಿಲ್ಲ ಅಂತ ನಾನಂದೆ. ದೇವ್ರು ಜಾಸ್ತಿಯಾಗವ್ನೆ ಅಂತ ನಂಗೇನು ಗೊತ್ತು?"

ಥೂ, ನನ್ನ ಜನ್ಮಕ್ಕಿಷ್ಟು! ಎರಡು ದಿನ ಊರವರನ್ನೆಲ್ಲ ಉಗಿದದ್ದು ನಾನೇ ಮೆತ್ತಿದ ಗಂಧಕ್ಕೆ. ಹೆಂಡತಿ ನಗಲಿಲ್ಲ. ಅವಳು ಗಡಿಯಾರ ನೋಡಿದಳು. ಶೆಡ್ಡಿಗೆ ಓಡಿ, ಎಳೆ ತೂರಿಸುವ ಚಪ್ಪಟೆ ಕೊಕ್ಕೆ ತಂದು, ಒಂದು ತೂತಿನ ಮುಂದೆ ಕೂತು ಕೆರೆಯತೊಡಗಿದಳು. ಅಪ್ಪನ ಪದ್ಧತಿ ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಅಷ್ಟಾಗಿಯೂ ಘಮ ಹೋಗಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕಂಪ್ಯೂಟರ್ ಹಚ್ಚಿ ಆ ತುಂಡನ್ನು ಸಿಕ್ಕಿಸಿದೆವು. ನೀಲಿ ದೀಪ ಹತ್ತಿತು, ಆರಿತು. ತೂತಿನೊಳಗಿನ ನಾಲಿಗೆ ಸಡಿಲವಾಗಿತ್ತು, ಬೆರಳಿಟ್ಟು ಕೆಳಕ್ಕೆ ಒತ್ತಿದರೆ ನೆಟ್ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಭಾವಮೈದುನ ತಾನು ಗೋಡೆಯಿಂದ ಕಿತ್ತ ರೂಟರಿನ ಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತಿದ್ದ. ಒತ್ತುವುದು ಯಾರು? ನಾನೇ. ಮೇಜಿನ ಹಿಂದೆ, ಗೋಡೆಯ ಸಂದಿನಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಪರದೆ ನನಗೆ ಕಾಣುತ್ತಿರಲಿಲ್ಲ, ಹೆಂಡತಿಯ ಕಾಲುಂಗುರ ಮಾತ್ರ ಕಾಣುತ್ತಿತ್ತು.

ಪಾರ್ಟಿ ಹೆಂಗಸಿನ ಗಂಟಲು ಕೇಳಿಸಿತು. ಆಮೇಲೆ ಮುಕ್ಕಾಲು ಗಂಟೆ ನಾನು ಕೇಳಿದ್ದು ನನ್ನ ಹೆಂಡತಿಯನ್ನೋ ಬೇರೆ ಯಾರನ್ನೋ ಗೊತ್ತಾಗಲಿಲ್ಲ. ನನ್ನೆದುರು ಎರಡು ಮಾತಿಗೆ ಸುಮ್ಮನಾಗುವವಳು ಅಲ್ಲಿ ಸಲೀಸಾಗಿ ತಮಿಳಿನಲ್ಲಿ, ಈ ನೀಲಿ ತೊಳೆದರೆ ಮಂಕಾಗುತ್ತದೆ, ಈ ಹೂವು ಎರಡೆಳೆ ಒಳಗೆ ಬರಲಿ, ಇಲ್ಲದಿದ್ದರೆ ಮಡಿಚಿದಾಗ ಕಾಣದು, ಅನ್ನುತ್ತಿದ್ದಳು. ಆ ಹೆಂಗಸು ಬೇಡ ಅಂದದ್ದನ್ನೂ ಎರಡು ಕಡೆ ಒಪ್ಪಿಸಿದಳು. ಇಪ್ಪತ್ತು ವರ್ಷ ಅವೇ ಡಿಸೈನುಗಳನ್ನು ಚೀಲದಲ್ಲಿ ಹೊತ್ತು ತಿರುಗಿದ ನಾನು, ಇದರಲ್ಲಿ ಒಂದು ಮಾತನ್ನೂ ಯಾವ ಪಾರ್ಟಿಗೂ ಹೇಳಿರಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು? ನನ್ನ ಕಾಲು ಜೋಮು ಹಿಡಿದಿತ್ತು.

"ಎಲ್ಲಾ ಸರಿಯಮ್ಮ" ಎಂದಳು ಆ ಹೆಂಗಸು ಕೊನೆಗೆ. "ಒಂದು ಕೇಳ್ತೀನಿ. ಹೋದ ವರ್ಷ ನಿಮ್ಮ ಯಜಮಾನ್ರು ಮಾವಿನಕಾಯಿ ಅಂಚು ತಂದು, ತಾನೇ ಬಿಡಿಸಿದ್ದು ಅಂದ್ರು. ಅದಕ್ಕೂ ಮುಂಚಿನವೂ ಅಷ್ಟೇ. ಅವೆಲ್ಲ ಯಾರು ಬಿಡಿಸಿದ್ದು?"

ಕಾಲುಂಗುರದ ಬೆರಳು ಒಮ್ಮೆ ಮಡಿಚಿಕೊಂಡಿತು. ನನ್ನ ಬೆರಳನ್ನು ಒಂದೆಳೆಯಷ್ಟು ಸಡಿಲಿಸಿದ್ದರೆ ಸಾಕಿತ್ತು. ನೆಟ್ ಹೋಯಿತು ಅನ್ನಬಹುದಿತ್ತು, ಅದಕ್ಕೂ ರೂಟರಿನವನನ್ನೇ ಉಗಿಯಬಹುದಿತ್ತು, ನನ್ನ ಹೆಸರು ತಿರುಪ್ಪೂರಿನಲ್ಲಿ ಇದ್ದ ಹಾಗೇ ಇರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಹಾಗೆ ಮಾಡೋಣ ಅಂತ ಮನಸ್ಸಿಗೆ ಬಂದಿತ್ತು.

"ನಾನ್‌ತಾನುಂಗ" ಎಂದಳು ಅವಳು, ನಮ್ಮ ಕಡೆಯ ಮರ್ಯಾದೆಯ ತಮಿಳಿನಲ್ಲಿ. ನಾನೇ ಅಂತ. "ಎಲ್ಲಾ ನಾನೇ."

ನಾನು ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೆ.