ಗಾಡಿ ತಣ್ಣಗಿರುವಾಗ

ಒಂದೇ ಸಮನೆ ಗುರ್ರೆನ್ನುತ್ತಿದ್ದ ಇಂಜಿನ್ನಿನ ಸದ್ದು ಓಣಿಯ ತಿರುವಿನಲ್ಲೇ ಕೇಳಿಸಿತು. ಎಲ್ಲೂ ಕೆಮ್ಮಿಲ್ಲ, ತಡವರಿಕೆಯಿಲ್ಲ. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ಖುಷಿಪಡುವಂಥ ಸದ್ದು. ಸಾಬಣ್ಣ ಮಾತ್ರ ನಿಂತುಬಿಟ್ಟ. ಶಹಾಪುರದಿಂದ ಮೊದಲ ಬಸ್ಸಿಗೆ, ಕಿವಿಗೆ ಮಫ್ಲರ್ ಸುತ್ತಿಕೊಂಡು ಸುರಪುರದವರೆಗೆ ಬಂದದ್ದು ಈ ಸದ್ದು ಕೇಳುವುದಕ್ಕಲ್ಲ. ಚೀಲವನ್ನು ಯಾರದೋ ಮನೆಯ ಕಟ್ಟೆಯ ಮೇಲಿಟ್ಟು, ಹೋಯಿತು ಇವತ್ತಿನ ದಿನ ಎಂದುಕೊಂಡ.

ಫೋನ್ ಮಾಡಿ ಅವನನ್ನು ಕರೆಸಿದ್ದ ಪಂಚಶೀಲಾಳ ಮನೆ ಮುಂದೆ ಬಿಳಿ ಕಾರು ನಡುಗುತ್ತ ನಿಂತಿತ್ತು. ಅದನ್ನು ನೂಕಿ ದಣಿದ ನಾಲ್ಕು ಜನ ಓಣಿಯವರು ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಪಂಚಶೀಲಾಳ ಅತ್ತೆ ದೇವಕಮ್ಮ ಇನ್ನೊಂದು ಕಪ್ಪು ಹಿಡಿದು, ಬಾಗಿಲಲ್ಲೇ ನಗುನಗುತ್ತ ಕಾಯುತ್ತಿದ್ದಳು.

"ಚಾಲೂ ಮಾಡಿ ಇಟ್ಟೀವ್ರಿ ಅಣ್ಣಾರ. ನೀವು ಅಷ್ಟ್ ದೂರದಿಂದ ಬರೋರು. ಬಂದ ಮ್ಯಾಲೆ ಇದು ಹಟ ಹಿಡಿದು ನಿಂತ್ರ ನಮಗರ ಛಲೋ ಅನಸ್ತದೇನ್ರಿ?"

ಸಾಬಣ್ಣ ಚಹಾ ತೆಗೆದುಕೊಂಡ. ಬೇಡ ಎನ್ನುವಂತೆಯೂ ಇರಲಿಲ್ಲ, ಬೈಯುವಂತೆಯೂ ಇರಲಿಲ್ಲ.

"ಅವ್ವಾರ," ಎಂದ, "ಜ್ವರ ಇಳಿಸಿ ಡಾಕ್ಟರನ್ನ ಕರದ್ರ ಅಂವ ಏನ್ ನೋಡಬೇಕ್ರಿ?"

ಗಾಡಿಯನ್ನು ಯಾರೂ ಮುಟ್ಟಬಾರದು ಎಂದು ಅವನು ಹಿಂದಿನ ದಿನ ಫೋನಿನಲ್ಲಿ ಮೂರು ಸಲ ಹೇಳಿದ್ದ. ಪಂಚಶೀಲಾ ಅದನ್ನು ಮನೆಯಲ್ಲಿ ಹೇಳಿಯೂ ಇದ್ದಳು. ಆದರೆ ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಬರುವ ಹಿರಿಯರಿಗೆ ಮುಜುಗರವಾಗಬಾರದೆಂದು ದೇವಕಮ್ಮ ಓಣಿಯನ್ನೇ ಕರೆದಿದ್ದಳು.

ಸಾಬಣ್ಣನಿಗೆ ಅರವತ್ಮೂರು. ಹುಟ್ಟಿದ್ದು ದೋರನಹಳ್ಳಿಯಲ್ಲಿ, ಕೆಲಸ ಕಲಿತದ್ದು ಯಾದಗಿರಿ ಸ್ಟೇಷನ್ ಹತ್ತಿರದ ಒಬ್ಬ ಉಸ್ತಾದರ ಬಳಿ. ಬೋಲ್ಟು ಬಿಚ್ಚುವ ಪಾನಾ ಹಿಡಿಯುವ ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡು ಎಂಬುದು ಉಸ್ತಾದರ ಮೊದಲ ಪಾಠ. ಬೆಳಗಿನ ಚಳಿಗೆ ಚಾಲೂ ಆಗದ ಗಾಡಿಯನ್ನು ಜನ ಹೇಗೋ ನೂಕಿ, ಓಡಿಸಿಕೊಂಡೇ ಗ್ಯಾರೇಜಿಗೆ ತರುತ್ತಾರೆ. ಅಷ್ಟರಲ್ಲಿ ಅದು ಬಿಸಿಯಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಒಂದೇ ಕೀಲಿಗೆ ಎದ್ದು ನಿಲ್ಲುತ್ತದೆ. ಮೆಕ್ಯಾನಿಕ್ ಅಂದಾಜಿನ ಮೇಲೆ ಪ್ಲಗ್ಗು ಬದಲಿಸುತ್ತಾನೆ, ಬ್ಯಾಟರಿ ಬದಲಿಸುತ್ತಾನೆ. ಮರುದಿನ ಅದೇ ಕಥೆ. ಹೀಗಾಗಿ ಸಾಬಣ್ಣ ಇಂಥ ಗಾಡಿಗಳನ್ನು ತನ್ನ ಅಂಗಡಿಗೆ ಬರಗೊಡುವುದಿಲ್ಲ. ಬೆಳಕು ಹರಿಯುವ ಮೊದಲು ತಾನೇ ಅವು ಮಲಗಿದಲ್ಲಿಗೆ ಹೋಗುತ್ತಾನೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಹಳೆಯ ಗಾಡಿಗಳು ಈಗ ಮೂರು ಊರಿನಲ್ಲಿ ಹುಡುಕಿದರೂ ಇಪ್ಪತ್ತಾಗುವುದಿಲ್ಲ. ಯಾವ ಮನೆಯ ಗಾಡಿ ಯಾವ ಗೋಡೆಯ ಮಗ್ಗುಲಿಗೆ ನಿಲ್ಲುತ್ತದೆ ಎಂಬುದು ಅವನಿಗೆ ಬಾಯಿಪಾಠ.

ಈ ಬಿಳಿ ಕಾರಂತೂ ಅವನ ಕೈಯಲ್ಲೇ ಬೆಳೆದದ್ದು. ಪಂಚಶೀಲಾಳ ತಂದೆ ಮರಿಲಿಂಗ ಯಾದಗಿರಿಯಲ್ಲಿ ಗುಮಾಸ್ತನಾಗಿದ್ದಾಗ ಕೊಂಡಿದ್ದ. ಅವರ ಮನೆತನದಲ್ಲಿ ಅದೇ ಮೊದಲ ಕಾರು. ಮುದನಾಳದ ದಾರಿಯಲ್ಲಿ ಮಗಳನ್ನು ಸ್ಟೇರಿಂಗಿಗೆ ಕೂಡಿಸಿ, ತಾನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ ಎಂದು ಅವನೇ ಸಾಬಣ್ಣನ ಮುಂದೆ ಹೇಳಿ ನಕ್ಕಿದ್ದ. ಅವನು ತೀರಿಹೋಗಿ ಎರಡು ವರ್ಷ. ಬೋನಾಳದ ಶಾಲೆಯಲ್ಲಿ ಟೀಚರಾದ ಮಗಳು ಅದರಲ್ಲೇ ಹೋಗಿ ಬರುತ್ತಾಳೆ. ಆದರೆ ಈ ಚಳಿ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಓಣಿಯ ಬಾಗಿಲು ಬಡಿದು ನೂಕಲು ಕರೆಯಬೇಕಾಗಿತ್ತು. ಅವಳ ಗಂಡ ಹಣಮೇಶನಿಗೆ ಭುಜದ ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ಗುಜರಿಯವನೊಬ್ಬನಿಗೆ ಮಾತು ಕೊಟ್ಟಿದ್ದ. ರವಿವಾರ ಹತ್ತು ಗಂಟೆಗೆ ಅವನು ಬಂದು ಎಳೆದುಕೊಂಡು ಹೋಗುವವನು. ಇವತ್ತು ಶನಿವಾರ.

ಗಾಡಿ ಮತ್ತೆ ತಣ್ಣಗಾಗಲು ಒಂದು ರಾತ್ರಿ ಬೇಕು. ನಾಳೆ ಬರುತ್ತೇನೆ ಎಂದು ಸಾಬಣ್ಣ ಎದ್ದ. ಪಂಚಶೀಲಾ ಅದೇ ಕಾರಿನಲ್ಲಿ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಳು. ಅವನು ಇಳಿಯುವಾಗ, ಅವಳು ಅಪ್ಪನ ಕೈ ಬಿದ್ದು ಬಿದ್ದು ಸವೆದ ಗೇರಿನ ಗುಂಡನ್ನು ಸುಮ್ಮನೆ ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಸಾಬಣ್ಣ ಅದನ್ನು ನೋಡಿಯೂ ನೋಡದವನಂತೆ ಬಾಗಿಲು ಹಾಕಿದ.

ರವಿವಾರ ಓಣಿಯಲ್ಲಿ ಸದ್ದಿರಲಿಲ್ಲ. ದೇವಕಮ್ಮ ಕಾರಿನ ಸುತ್ತ ನೀರು ಹೊಡೆದು, ನಾಲ್ಕೂ ಗಾಲಿಗಳ ಮುಂದೆ ರಂಗೋಲಿ ಹಾಕಿ, ತಾನು ಹೊಸ್ತಿಲ ಮೇಲೆ ಕಾವಲು ಕೂತಿದ್ದಳು. ನೂಕಲು ಬಂದ ಒಬ್ಬನನ್ನು ಗದರಿಸಿ ಕಳಿಸಿದ್ದಳಂತೆ.

"ಒಂದ್ ಚುಕ್ಕಿ ಅಳಿಸಿದ್ರ ಕೇಳ್ರಿ," ಎಂದಳು.

ಸಾಬಣ್ಣ ರಂಗೋಲಿ ತುಳಿಯದಂತೆ ಕಾಲಿಟ್ಟು, ಬಾನೆಟ್ ಎತ್ತಿ, ಅಂಗೈ ಇಟ್ಟ. ಕೊಡದಲ್ಲಿ ನಿಂತ ನೀರಿನಂತೆ ತಣ್ಣಗಿತ್ತು. ಗಾಳಿಯ ಫಿಲ್ಟರ್ ಬಿಚ್ಚಿ ಬದಿಗಿಟ್ಟ. ಪಂಚಶೀಲಾಳಿಗೆ ಚೋಕ್ ಎಳೆಯಲು ಹೇಳಿದ. ಕಾರ್ಬೊರೇಟರಿನ ಬಾಯಿಯ ತಗಡು ಸರಿಯಾಗಿ ಮುಚ್ಚಿಕೊಂಡಿತು. ಅಲ್ಲಿ ದೋಷವಿಲ್ಲ. ತಗಡನ್ನು ಬೆರಳಿನಿಂದ ತೆರೆದು, ಒಳಗೆ ಟಾರ್ಚಿನ ಬೆಳಕು ಬಿಟ್ಟು, ಎಕ್ಸಿಲರೇಟರಿನ ತಂತಿ ಎಳೆದ. ಸೂಜಿಯಷ್ಟು ತೆಳ್ಳಗೆ ಪೆಟ್ರೋಲ್ ಚಿಮ್ಮಬೇಕಾಗಿತ್ತು. ಏನೂ ಚಿಮ್ಮಲಿಲ್ಲ. ಇನ್ನೊಮ್ಮೆ ಎಳೆದ. ಒಣ ಗಂಟಲಿನಂಥ ಒಂದು ಸಣ್ಣ ಚಟ್ ಶಬ್ದ, ಅಷ್ಟೇ.

ಅವನ ಮುಖ ಅರಳಿತು. ಅವಳನ್ನು ಕರೆದು ತೋರಿಸಿದ. ಕಾರ್ಬೊರೇಟರಿಗೆ ಒಂದು ಪುಟ್ಟ ಬಟ್ಟಲಿದೆ, ಅದರಲ್ಲಿ ರಾತ್ರಿಯೆಲ್ಲ ಪೆಟ್ರೋಲ್ ನಿಂತಿರಬೇಕು. ಇಲ್ಲಿ ಅದು ಸೋರಿ ಬರಿದಾಗಿದೆ. ಕೀಲಿ ತಿರುಗಿಸುತ್ತ ಕೂತರೆ ಬಟ್ಟಲು ತುಂಬುವ ಮೊದಲೇ ಬ್ಯಾಟರಿ ಸೋಲುತ್ತದೆ. ಅರ್ಧ ಓಣಿ ದೂರ ನೂಕಿದರೆ ಇಂಜಿನ್ ತಿರುಗಿ, ಪಂಪು ಪೆಟ್ರೋಲ್ ಎಳೆದು ಬಟ್ಟಲು ತುಂಬುತ್ತದೆ, ಗಾಡಿ ಏಳುತ್ತದೆ. ಸೋರುವ ಜಾಗವನ್ನೂ ಹುಡುಕಿದ: ಪಕ್ಕದ ಸಣ್ಣ ಮುಚ್ಚಳದ ಕೆಳಗೆ ಕಂದು ಕಲೆ. ಮುಚ್ಚಳದ ಹಿಂದಿನ ರಬ್ಬರ್ ಪರದೆ ವಯಸ್ಸಾಗಿ ಬಿರುಕು ಬಿಟ್ಟಿತ್ತು. ಬಿಸಿ ಗಾಡಿಯಲ್ಲಿ ಆ ಪಸೆ ಆಗಲೇ ಆರಿಹೋಗಿರುತ್ತದೆ, ಯಾರಿಗೂ ಕಂಡಿರಲಿಲ್ಲ.

ಚೀಲದಲ್ಲಿದ್ದ ಹೊಸ ಪರದೆ ಕೂಡಿಸಲು ಅರ್ಧ ಗಂಟೆ ಸಾಕಾಯಿತು. ಸಾಬಣ್ಣ ಬಟ್ಟಲಿಗೆ ಕೈಯಿಂದಲೇ ಪೆಟ್ರೋಲ್ ತುಂಬಿದ ಮೇಲೆ ಪಂಚಶೀಲಾ ಕೀಲಿ ತಿರುಗಿಸಿದಳು. ಸ್ವಲ್ಪ ಹೊತ್ತು ತಿರುಗಿ ಗಾಡಿ ಎದ್ದಿತು. ಹಣಮೇಶ ಒಳಗಿಂದ ಬಂದ. ಫೋನು ಕೈಯಲ್ಲೇ ಇತ್ತು.

"ಮುಗೀತಲ್ರಿ ಕಾಕಾ? ರಿಪೇರಿ ಆಗ್ಯಾದ ಅಂತ ಒಂದ್ ಮಾತ್ ಹೇಳ್ರಿ. ಅಂವಗ ಬರಬ್ಯಾಡ ಅಂತೀನಿ."

ಒಂದು ಮಾತು. ಪಂಚಶೀಲಾ ಸೀಟಿನಿಂದ ಅಲುಗದೆ ಸಾಬಣ್ಣನನ್ನೇ ನೋಡುತ್ತಿದ್ದಳು. ಅವನಿಗೆ ಮರಿಲಿಂಗನ ಕಣ್ಣು ನೆನಪಾಯಿತು. ಅವಳದೂ ಅದೇ ಕಣ್ಣು. ಹೌದು ಎಂದರೆ ಗಾಡಿ ಉಳಿಯುತ್ತದೆ. ನಾಳೆ ಮತ್ತೆ ನೂಕುವ ಹಾಗಾದರೆ, ಈ ಮನೆಯಲ್ಲಿ ಅವಳ ಮಾತೂ ತನ್ನ ಮಾತೂ ಒಟ್ಟಿಗೇ ಹೋಗುತ್ತವೆ.

"ಮುಗದಿಲ್ಲ," ಎಂದ. "ಈಗ ಬಟ್ಟಲು ತುಂಬ್ಯಾದ, ಚಾಲೂ ಆಗೇ ಆಗ್ತದ. ನಾಳಿ ಮುಂಜಾನಿ ತನಕ ತುಂಬಿದ್ರ ಆವಾಗ ಹೇಳ್ತೀನಿ."

"ನಾಳಿ ಗಾಡಿ ಇಲ್ಲೆಲ್ಲಿರ್ತದ್ರಿ?"

ಹೊಸ್ತಿಲ ಮೇಲಿದ್ದ ದೇವಕಮ್ಮ ಮೊಣಕಾಲು ಹಿಡಿದು ನಿಧಾನ ಎದ್ದಳು.

"ಹಣಮೇಶಾ, ನಿನ್ನಿ ಒಂದ್ ದಿನ ಹಾಳ ಮಾಡಿದಾಕಿ ನಾನು. ಆ ಒಂದ್ ದಿನ ನನಗ ತಿರಗಿ ಕೊಡು."

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿ ಫೋನು ಹಚ್ಚಿ, ನಾಳೆ ಹತ್ತಕ್ಕೆ ಬಾ ಎಂದ.

ಸೋಮವಾರವೂ ಸಾಬಣ್ಣ ಮೊದಲ ಬಸ್ಸಿಗೇ ಬಂದ. ಮೂರನೆಯ ದಿನ ನೋಡಿದ ಕಂಡಕ್ಟರ್, ಸುರಪುರದಾಗ ಬೀಗರಾಗ್ಯಾರೇನ್ರಿ ಎಂದು ಕೇಳಿದ. ಚಳಿ ಹಿಂದಿನ ದಿನಕ್ಕಿಂತ ಹೆಚ್ಚೇ ಇತ್ತು. ಅವನು ಬಾನೆಟ್ ಎತ್ತಿ ಅಂಗೈ ಇಟ್ಟು, ತಣ್ಣಗಿರುವುದನ್ನು ಖಾತ್ರಿ ಮಾಡಿಕೊಂಡು, ಹಿಂದೆ ಸರಿದು ನಿಂತ. ಶಾಲೆಗೆ ಹೊರಡಲು ಸೀರೆಯುಟ್ಟು ಸಿದ್ಧಳಾಗಿದ್ದ ಪಂಚಶೀಲಾ ಚೋಕ್ ಎಳೆದು, ಒಮ್ಮೆ ಉಸಿರು ಬಿಟ್ಟು, ಕೀಲಿ ತಿರುಗಿಸಿದಳು.

ಎರಡು ಸುತ್ತು. ಗಾಡಿ ಎದ್ದಿತು.

ಅವಳು ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ನೂಕುತ್ತ, ಮೂಗು ಒರೆಸಿಕೊಂಡಳು.

"ಈಗ ಮುಗೀತು," ಎಂದ ಸಾಬಣ್ಣ.

ಹಣಮೇಶ ಅಲ್ಲೇ ನಿಂತು ಗುಜರಿಯವನಿಗೆ ಫೋನು ಮಾಡಿದ. ಗಾಡಿ ಕೊಡುವುದಿಲ್ಲ ಎಂಬುದನ್ನು ಅವನಿಗೆ ಎರಡೆರಡು ಸಲ ಹೇಳಬೇಕಾಯಿತು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಮೇಲಿನ ಗೀರೊಂದನ್ನು ಬೆರಳಿನಿಂದ ಸವರಿ, ಕೈಚೀಲಕ್ಕೆ ಪಾನಾ ತುಂಬುತ್ತಿದ್ದ ಸಾಬಣ್ಣನ ಹತ್ತಿರ ಬಂದ. ಬಣ್ಣ ಹಚ್ಚಿಸಿದರೆ ಹೇಗೆ ಎಂದು ಕೇಳಿದ. ಬಿಳಿಯೇ ಇರಲಿ ಎನ್ನುತ್ತಾಳೆ ಇವಳು, ತನಗೆ ಬೆಳ್ಳಿಯ ಬಣ್ಣ ಚೆಂದ ಅನಿಸುತ್ತದೆ. ಸೀಟಿನ ಕವರುಗಳೂ ಹಳೆಯವಾಗಿವೆ, ಯಾದಗಿರಿಯಲ್ಲಿ ಒಳ್ಳೆಯವರು ಯಾರಿದ್ದಾರೆ?

"ಖರೇ ಹೇಳ್ರಿ ಕಾಕಾ, ಬೆಳ್ಳಿ ಬಣ್ಣದಾಗ ಧೂಳ ಕಮ್ಮಿ ಕಾಣ್ತದೋ, ಇಲ್ಲಾ..."

ಸಾಬಣ್ಣ ಚೀಲವನ್ನು ಹೆಗಲಿಗೆ ಏರಿಸಿ, ಮಫ್ಲರ್ ಬಿಗಿದುಕೊಂಡು, ಆಗಲೇ ಬಸ್‌ಸ್ಟ್ಯಾಂಡಿನ ಕಡೆಗೆ ಓಣಿ ಇಳಿಯುತ್ತಿದ್ದ.