ಪುಟ್ಟಕ್ಕ ಕಡಲು ನೋಡಿ ಬಂದದ್ದು

ಶಿರಾದಿಂದ ಪಾವಗಡದ ದಾರಿ ಹಿಡಿದರೆ ಬಲಗಡೆಗೊಂದು ಗೊಲ್ಲರ ಹಟ್ಟಿ ಸಿಗುತ್ತದೆ. ಅಲ್ಲಿಯವಳು ಪುಟ್ಟಕ್ಕ. ಕುರಿಗಳ ಹಿಂದೆ ನಡೆದೂ ನಡೆದೂ ಕಾಲುಗಳು ಬಿಲ್ಲಿನಂತೆ ಬಾಗಿವೆ. ಈಕೆ ಕಡಲು ಕಂಡು ಬಂದ ಕಥೆ ಹೇಳುತ್ತೇನೆ, ಕೇಳಿ.

ಮಗ ಚಿಕ್ಕರಾಜು ಓಡಿಸುವುದು ತುಮಕೂರಿನವರೊಬ್ಬರ ಬಾಡಿಗೆ ವ್ಯಾನು. ಒಳಗೇ ಮಂಚ, ಒಲೆ, ನೀರಿನ ತೊಟ್ಟಿ. ಹಟ್ಟಿಯವರು ಅದನ್ನು ಗಾಲಿಮನೆ ಅನ್ನುತ್ತಾರೆ. ಮಾರ್ಚಿನಲ್ಲಿ ರಕ್ಷಾ ಎಂಬ ಕಾಲೇಜು ಮೇಡಂ ಮತ್ತು ಅವರ ಗೆಳತಿಯರು ಕುಂದಾಪುರದ ಕಡೆ ಹಕ್ಕಿ ನೋಡಲು ಹೊರಟರು. ಅಡಿಗೆಗೆ ಒಬ್ಬರು ಬೇಕಾಗಿತ್ತು, ಪುಟ್ಟಕ್ಕ ಹತ್ತಿದಳು.

ಮನಸ್ಸು ಮಾತ್ರ ಹಟ್ಟಿಯಲ್ಲೇ ಇತ್ತು. ಸೊಸೆ ಯಶೋದಳಿಗೆ ದಿನ ತುಂಬುತ್ತಿತ್ತು. ಹೆರಿಗೆ ಆಸ್ಪತ್ರೆಯಲ್ಲಾದರೂ ಹಟ್ಟಿಯ ಕಟ್ಟಳೆಯಂತೆ ಬಾಣಂತಿ, ಕೂಸು ಊರಾಚೆಯ ಗುಡಿಸಲಲ್ಲಿದ್ದು ಸೂತಕ ಕಳೆಯಬೇಕು. ಪುಟ್ಟಕ್ಕನ ಚೊಚ್ಚಲು ಕೂಸು ಅಂಥದೇ ಗುಡಿಸಲಲ್ಲಿ, ಮಳೆಗಾಳಿಗೆ ಸಿಕ್ಕಿ ತಣ್ಣಗಾಗಿತ್ತು. ಗಂಡ ಕಾಟಪ್ಪ ಹಟ್ಟಿಯ ಪೂಜಾರಿ. ಅವನೆದುರು ಆ ಮಾತನ್ನು ಆಕೆ ಎಂದೂ ಎತ್ತಿದವಳಲ್ಲ. ಹೊರಡುವ ಮುಂಚೆ ಸೊಸೆಗೆಂದು ಗುಡಿಸಲಿಗೆ ಹೊಸ ತೆಂಗಿನಗರಿಯನ್ನೂ ತಾನೇ ಹೊದಿಸಿದ್ದಳು.

ಕುಂದಾಪುರದಲ್ಲಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಬಿಸಿಲು ಕಾಯುತ್ತಿತ್ತು. ನೀರಂಚಿನಲ್ಲಿ ಬಿಳಿ ಹಕ್ಕಿಗಳ ದೊಡ್ಡ ಹಿಂಡು. ಇತ್ತ ಒಣ ಮರಳಿನ ಮೇಲೆ ಮರಳಿನದೇ ಬಣ್ಣದ ಪುಟ್ಟ ಹಕ್ಕಿಯೊಂದು ಒಂಟಿಯಾಗಿ ಕೂತಿತ್ತು.

“ಯಾಕವ್ವಾ, ಇದ್ನ ಹಿಂಡಿಂದ ಆಚ್ಗೆ ಹಾಕವ್ರಾ?” ಎಂದಳು ಪುಟ್ಟಕ್ಕ.

“ಇಲ್ಲಮ್ಮ, ಅದು ಮೊಟ್ಟೆ ಮೇಲೆ ಕೂತಿದೆ,” ಎಂದರು ರಕ್ಷಾ.

“ಅದ್ಕೇ ಕೇಳಿದ್ದು.”

ಗೆಳತಿಯೊಬ್ಬಳು ಕಿಸಕ್ಕನೆ ನಕ್ಕಳು. ರಕ್ಷಾ ನಗಲಿಲ್ಲ. “ಯಾರೂ ಹಾಕಿಲ್ಲಮ್ಮ. ಆ ದೊಡ್ಡವು ಬೇರೆ ಜಾತಿ, ಇನ್ನೇನು ತಮ್ಮ ದೇಶಕ್ಕೆ ಹೊರಡ್ತವೆ. ಇದರ ಸಂಸಾರ ಇಲ್ಲೇ. ತಾಳಿ, ಜೋಡಿ ಬರುತ್ತೆ.”

ಬಂತು. ಗಂಡುಹಕ್ಕಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಓಡೋಡಿ ಬಂತು. ಹೆಣ್ಣು ಎದ್ದಿತು, ಅದರ ಜಾಗದಲ್ಲಿ ಗಂಡು ಕೂತು ಬಿಸಿಲಿಗೆ ಕಾದ ಮೊಟ್ಟೆಗಳಿಗೆ ತೇವ ತಾಗಿಸಿತು. ಪುಟ್ಟಕ್ಕ ಸುಡುವ ಮರಳಿನಲ್ಲೇ ಕುಕ್ಕರಿಸಿದಳು.

“ಅವ್ವಾ, ಅನ್ನ ಸೀಯ್ತಾ ಅದೆ!” ಚಿಕ್ಕರಾಜು ವ್ಯಾನಿನಿಂದ ಕೂಗಿದ. ಆಕೆ ಏಳಲಿಲ್ಲ.

ವಾಪಸು ಘಟ್ಟ ಹತ್ತುವಾಗ ಮಗನಿಗೆ ಹೇಳಿದಳು: “ಕೂಸ್ನ ಗುಡ್ಲಿಗೆ ಬುಡಾಕಿಲ್ಲ ಕಣ್ಲಾ.”

“ಅಪ್ಪ ಒಪ್ತಾನೇನವ್ವಾ? ಬೇಕಾದ್ರೆ ಮಾಲೀಕ್ರನ್ನ ಕೇಳಿ ಈ ಗಾಡೀನೇ ಹಟ್ಟಿ ಆಚೆ ನಿಲ್ಲಿಸ್ತೀನಿ. ಫ್ಯಾನೂ ಅದೆ.”

“ಫ್ಯಾನ್ ಇದ್ರೂ ಆಚೆ ಅಂದ್ರೆ ಆಚೇನೇ.”

ಯುಗಾದಿ ಕಳೆದ ಮೇಲೆ ಯಶೋದ ಹೆಣ್ಣು ಹೆತ್ತಳು. ಆಸ್ಪತ್ರೆಯಿಂದ ಬಂದ ಆಟೋ ಗುಡಿಸಲ ಬಳಿ ನಿಧಾನಿಸಿತು. “ಮುಂದಕ್ಕೆ ನಡಿಯಪ್ಪ,” ಎಂದಳು ಪುಟ್ಟಕ್ಕ. ಮನೆ ಬಾಗಿಲಲ್ಲಿ ಕಾಟಪ್ಪ ಅಡ್ಡ ನಿಂತ. ಹಟ್ಟಿಯೇ ನೆರೆಯಿತು.

“ಲೇ, ತಲೆ ನೆಟ್ಟಗದಾ? ಒಳಗೆ ದೇವರ ಪೆಟ್ಟಿಗೆ ಅದೆ!” ಎಂದ ಕಾಟಪ್ಪ.

“ಒಂದು ಕೂಸ್ನ ಆ ಗುಡ್ಲಿಗೆ ಕೊಟ್ಟಿವ್ನಿ. ನಿನ್ ದೇವ್ರು ಅದ್ನ ತಿರ್ಗಿ ಕೊಡ್ಲಿ, ಇದ್ನ ಕಳಿಸ್ತೀನಿ.”

ಇಷ್ಟು ವರ್ಷ ಒಟ್ಟಿಗೆ ಬಾಳಿದರೂ ಆ ಕೂಸಿನ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. “ನಂಗೆ ಸೂತ್ಕ ತಟ್ತದಲ್ಲೇ,” ಎಂದ ಕಾಟಪ್ಪ, ಮೆಲ್ಲಗೆ.

“ತಟ್ಟೋದಾದ್ರೆ ಗುಡ್ಲು ಬರಿದಾಗೇ ಅದೆ. ನೀನೋಗು.”

ಯಾರೋ ಹಿಂದಿನಿಂದ ಕೆಮ್ಮಿದರು. ಕಾಟಪ್ಪ ಒಳಗೆ ಹೋದ. ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ, ಯಾರ ಮುಖವನ್ನೂ ನೋಡದೆ ಗುಡಿಸಲ ಕಡೆ ನಡೆದ. ಯಶೋದ ಕೂಸನ್ನೆತ್ತಿಕೊಂಡು ಹೊಸಿಲು ದಾಟಿದಳು.

ಸಂಜೆ ಪುಟ್ಟಕ್ಕ ಗುಡಿಸಲಿಗೆ ಮುದ್ದೆ, ಹುರುಳಿಸಾರು ಒಯ್ದಳು. ಬಾಣಂತಿಗೆ ಇಡುವ ಹಾಗೆಯೇ ದೂರದಲ್ಲಿಟ್ಟು ಹಿಂದೆ ಸರಿದಳು.

“ಒಳಗೆ ಬಗ್ಗಿಕೊಂಡೇ ಇರ್ಬೇಕು ಕಣೇ,” ಎಂದ ಕಾಟಪ್ಪ.

“ಊಂ, ಗೊತ್ತು,” ಎಂದಳು ಪುಟ್ಟಕ್ಕ.